ವಿಷಕಂಠಯ್ಯನ ಹೊಟ್ಟೆಯ ಸಾಕ್ಷಿ

ಹಾಲುಗಲ್ಲಿನ ಪಾಳೆಯಗಾರ ಸರ್ಜಪ್ಪ ನಾಯಕ ನಲವತ್ತೆರಡು ಹೋಳಿಗೆಗಳನ್ನು ಅಗಿಯದೆ ನುಂಗಿದ ಮರುದಿನ, ವಿಷಕಂಠಯ್ಯನ ನಾಲಿಗೆಯನ್ನು ಕತ್ತರಿಸಬೇಕೆಂದು ಅಪ್ಪಣೆಯಾಯಿತು.

ವಿಷಕಂಠಯ್ಯ ಅರಮನೆಯ ರುಚಿಪರೀಕ್ಷಕ. ದೊರೆಯ ಎಲೆಗೆ ಬರುವ ಅಡುಗೆಯನ್ನು ಮೊದಲು ತಾನು ತಿಂದು, ಒಂದು ಗಳಿಗೆ ಕಾದು, ಸಾಯದಿದ್ದರೆ ವಿಷವಿಲ್ಲವೆಂದು ಸಾರುವುದು ಅವನ ಉದ್ಯೋಗ. ಇಪ್ಪತ್ತು ವರ್ಷಗಳಿಂದ ಸಾಯದೆ ಸಂಬಳ ಪಡೆಯುತ್ತಿದ್ದ. ಈಗ ದೊರೆಯ ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಹೋಳಿಗೆಯಲ್ಲಿ ವಿಷವಿತ್ತು, ಇಲ್ಲವೆಂದ ನಾಲಿಗೆ ಸುಳ್ಳು ಹೇಳಿತು ಎಂಬುದು ದೊರೆಯ ತೀರ್ಮಾನ. ತಪ್ಪು ಹೊಟ್ಟೆಬಾಕತನದ್ದೆನ್ನಲು ಆಸ್ಥಾನದಲ್ಲಿ ಯಾರಿಗೂ ಬಾಯಿರಲಿಲ್ಲ.

ವಿಷಕಂಠಯ್ಯನಿಗೂ ಅದನ್ನು ಹೇಳುವ ಮನಸ್ಸಿರಲಿಲ್ಲ. ಇದ್ದದ್ದೊಂದೇ ನಾಲಿಗೆ.

"ಮಹಾಸ್ವಾಮಿ, ನಾಲಿಗೆ ಕೋಟೆಬಾಗಿಲ ಕಾವಲುಗಾರ. ಒಳಹೊಕ್ಕವನು ಪೇಟೆಯಲ್ಲಿ ಪುಂಡಾಟ ಮಾಡಿದರೆ ಕಾವಲುಗಾರನನ್ನು ಶಿಕ್ಷಿಸುವುದುಂಟೆ? ಅಪ್ಪಣೆಯಾದರೆ ಇನ್ನು ಮುಂದೆ ಅನ್ನವನ್ನು ಕೊನೆಯ ಬಾಗಿಲಿನವರೆಗೂ ಹಿಂಬಾಲಿಸಿ ಸಾಕ್ಷಿ ಹೇಳುತ್ತೇನೆ."

ದೊರೆಗೆ ಇದು ಹಿಡಿಸಿತು. ಪರೀಕ್ಷೆ ಪೂರ್ತಿ ಮುಗಿಯದ ಅಡುಗೆಯ ಅಗುಳನ್ನೂ ತಾನು ಮುಟ್ಟುವುದಿಲ್ಲವೆಂದು ಕಾಗದದಲ್ಲಿ ಬರೆಸಿ ಮುದ್ರೆಯೊತ್ತಿಸಿದ. ಸಾಕ್ಷಿ ಸುಳ್ಳಾದರೆ ನಾಲಿಗೆಯ ಜೊತೆಗೆ ತಲೆಯೂ ಹೋಗುತ್ತದೆಂದು ಸೇರಿಸಿದ.

ವಿಷಕಂಠಯ್ಯ ಎಲೆಯ ಮುಂದೆ ಕುಳಿತು, ಒಂದೊಂದು ತುತ್ತನ್ನೂ ಜೊಲ್ಲಿನಲ್ಲಿ ನೆನೆದು ಸಿಹಿಯಾಗುವವರೆಗೆ ಅಗಿದು ಉಂಡ. ದೊರೆ ನೋಡುತ್ತ ಕುಳಿತ.

ಎರಡು ಗಳಿಗೆ ಕಳೆದ ಮೇಲೆ, ಎಲ್ಲಿಗೆ ಬಂತೆಂದು ದೊರೆ ವಿಚಾರಿಸಿದ. ಅನ್ನ ಜಠರದಲ್ಲಿದೆ, ಹುಳಿರಸದಲ್ಲಿ ಕಲಸಿ ಗಂಜಿಯಾಗುತ್ತಿದೆ ಎಂಬ ಉತ್ತರ ಬಂತು. ಮಧ್ಯಾಹ್ನ ಕೇಳಿದಾಗ ಅದು ಸಣ್ಣ ಕರುಳಿಗೆ ಇಳಿದಿತ್ತು. ಹದಿನಾಲ್ಕು ಮೊಳದ ಸುರುಳಿ ದಾರಿ. ಪಿತ್ತರಸ ತುಪ್ಪವನ್ನು ಒಡೆಯಬೇಕು, ಸಾರವೆಲ್ಲ ರಕ್ತಕ್ಕೆ ಸೇರಬೇಕು. ಸಂಜೆ ದೊಡ್ಡ ಕರುಳನ್ನು ತಲುಪಿತು. ಅಲ್ಲಿ ಉಳಿದ ನೀರನ್ನು ಹಿಂಡಿಕೊಳ್ಳುವ ಕೆಲಸ, ಅವಸರವೆಂಬುದಿಲ್ಲ, ದಿವಾನರ ಕಚೇರಿಯ ಹಾಗೆಯೇ ಎಂದು ವಿಷಕಂಠಯ್ಯ ವಿವರಿಸಿದ. ದಿವಾನರು ಕೆಮ್ಮಿದರು.

"ಬೇಗ ಹೊರಡಬೇಕಂತೆ, ದೊರೆಯ ಅಪ್ಪಣೆಯಂತೆ ಎಂದು ಹೇಳಯ್ಯಾ ಅದಕ್ಕೆ," ಎಂದ ದೊರೆ.

"ಮಹಾಸ್ವಾಮಿಗಳ ಅಪ್ಪಣೆ ನಡೆಯುವುದು ಗಂಟಲಿನವರೆಗೆ. ಅಲ್ಲಿಂದಾಚೆ ಬೇರೆ ರಾಜ್ಯ."

ಅಷ್ಟರಲ್ಲಿ, ದಿನವಿಡೀ ಬಿಸಿನೀರನ್ನಷ್ಟೇ ಕುಡಿದಿದ್ದ ದೊರೆಯ ಹೊಟ್ಟೆಯುಬ್ಬರ ಇಳಿದಿತ್ತು. ಸದ್ದಿಲ್ಲದೆ ಇಳಿಯಿತೆಂದು ಹೇಳುವಂತಿಲ್ಲ. ಆಸ್ಥಾನಿಕರೆಲ್ಲ ಆ ಸದ್ದು ತಮಗೆ ಕೇಳಿಸಲಿಲ್ಲವೆಂಬಂತೆ ತೊಲೆಗಳನ್ನು ನೋಡುತ್ತ ಕುಳಿತಿದ್ದರು.

ಮರುದಿನ ಬೆಳಿಗ್ಗೆ ವಿಷಕಂಠಯ್ಯ ಚೊಂಬು ಹಿಡಿದು ಬೇಲಿಯಾಚೆ ಹೋದ. ದೊರೆ, ದಿವಾನ, ಇಬ್ಬರು ಈಟಿಗಾರರು ಮರ್ಯಾದೆಯ ದೂರದಲ್ಲಿ ನಿಂತು ಕಾದರು. ಅವನು ಕೈಕಾಲು ತೊಳೆದು ಬಂದು, ಪರೀಕ್ಷೆ ಮುಗಿಯಿತು, ಅನ್ನ ನಿರ್ದೋಷಿ ಎಂದು ಸಾರಿದ.

ಒಳಗೆ ಆಗಲೇ ಎಲೆ ಹಾಕಿತ್ತು. ಬಿಸಿ ಕಡುಬು ಹಬೆಯಾಡುತ್ತಿತ್ತು. ದೊರೆಯ ಕೈ ಕಡುಬಿಗೆ ತಗಲುವಷ್ಟರಲ್ಲಿ ವಿಷಕಂಠಯ್ಯ ಅಡ್ಡಬಂದ.

"ಮನ್ನಿಸಬೇಕು ಮಹಾಸ್ವಾಮಿ. ನಿರ್ದೋಷಿಯಾದದ್ದು ನಿನ್ನೆಯ ಅನ್ನ. ಇದು ಇವತ್ತಿನ ಕಡುಬು. ನಾನು ಈಗ ತಿನ್ನಲು ಕುಳಿತರೆ ತಾವು ನಾಳೆ ಇಷ್ಟು ಹೊತ್ತಿಗೆ ಉಣ್ಣಬಹುದು."

ದೊರೆ ಅವನನ್ನೊಮ್ಮೆ, ಕಡುಬನ್ನೊಮ್ಮೆ ನೋಡಿದ. ಆಮೇಲೆ ಖಾಲಿ ಹೊಟ್ಟೆಯನ್ನು ಹಿಡಿದುಕೊಂಡು ನಕ್ಕ. ನಾಲಿಗೆ, ತಲೆ ಎರಡೂ ಅವುಗಳ ಜಾಗದಲ್ಲೇ ಇರಲೆಂದು ಹೇಳಿ, ಆ ಕಾಗದವನ್ನು ತರಿಸಿ ಪರಪರನೆ ಹರಿದ. ಚೂರುಗಳನ್ನು ಅವನು ನೋಡಿದ ನೋಟಕ್ಕೆ, ಅವನ್ನೂ ಎಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾನೋ ಎಂದು ವಿಷಕಂಠಯ್ಯ ಕ್ಷಣಕಾಲ ಗಾಬರಿಗೊಂಡ.