ಏಳು ನೀರು ಇಣುಕಿದ ಮಾಳ

ಒಂದು ಒಗಟು ಹೇಳ್ತೀನಿ, ಬಿಡಿಸಿ ನೋಡೋಣ. ಬಾಯಿ ಒಣಗಿದೆ, ಗಂಟಲು ಉರೀತಿದೆ, ಕಾಲ ಬುಡದಲ್ಲೇ ತಿಳಿನೀರಿದೆ. ಆದರೂ ಒಂದು ಹನಿ ಕುಡಿಯಲ್ಲ, ನೀರು ಕಂಡರೆ ಹಿಂದೆ ಸರಿಯುತ್ತೆ. ಯಾರು?

ಬೆಕ್ಕು ಅಂದವರು ಕೂತ್ಕೊಳ್ಳಿ. ಬೆಕ್ಕಿಗೆ ಬೇಡದ್ದು ಸ್ನಾನ, ಕುಡಿಯೋಕೆ ನೀರು ಬೇಕೇ ಬೇಕು. ಇದನ್ನು ನಮ್ಮ ಮೇಷ್ಟ್ರಿಗೂ ಕೇಳಿದ್ದೆ. ಅವರು ನನ್ನನ್ನು ಹೊರಗೆ ನಿಲ್ಲಿಸಿದರು, ಉತ್ತರ ಮಾತ್ರ ಹೇಳಲಿಲ್ಲ. ನಿಮಗೂ ಬರಲ್ಲ ಬಿಡಿ, ಕತೆ ಕೇಳಿ.

ಒಂದು ಕುರುಚಲು ಕಾಡು. ಅದರಲ್ಲಿ ಏಳು ಕಡೆ ನೀರು. ಮೂರು ಬಂಡೆಗುಂಡಿ, ಎರಡು ಕುಂಟೆ, ಒಂದು ಹಾಳುಬಾವಿ, ಒಂದು ಕೆರೆ. ಕಾಡಿನ ಅಂಚಿಗೆ ಕುರಿ ಕಾಯುವ ಗ್ಯಾನಪ್ಪನ ಗುಡಿಸಲು, ಪಕ್ಕದಲ್ಲಿ ಮುಳ್ಳುಬೇಲಿಯ ಕುರಿರೊಪ್ಪ. ಅವನ ನಾಯಿಯ ಹೆಸರು ಮಾಳ. ಗ್ಯಾನಪ್ಪನ ಐದು ವರ್ಷದ ಮಗಳು ನಿಂಗಿ ಊಟಕ್ಕೆ ಕೂತರೆ ಎಡಗೈಯಲ್ಲಿ ಮಾಳನ ಕಿವಿ ಹಿಡಿದುಕೊಂಡಿರಬೇಕು. ಇಲ್ಲದಿದ್ದರೆ ತುತ್ತು ಇಳಿಯಲ್ಲ.

ಮಾಳನಿಗೆ ಒಂದೇ ಒಂದು ಜಂಬ. ಹುಟ್ಟಿದಾಗಿನಿಂದ ಅವನ ಕೊರಳಿಗೆ ಸರಪಳಿ ಬಿದ್ದಿರಲಿಲ್ಲ.

ಒಂದು ಮಟಮಟ ಮಧ್ಯಾಹ್ನ. ಎಲೆ ಅಲ್ಲಾಡಲ್ಲ, ಹಕ್ಕಿ ಕೂಗಲ್ಲ. ಆಗ ಎಲ್ಲಿಂದಲೋ ಒಂದು ನರಿ ಬಂತು. ಆ ಕಾಡಿನ ಯಾರೂ ಮುಂಚೆ ನೋಡಿದ ನರಿಯಲ್ಲ. ನರಿ ಅಂದರೆ ಅತ್ತ ಇತ್ತ ನೋಡ್ಕೊಂಡು ಕಳ್ಳಹೆಜ್ಜೆ ಇಡಬೇಕು ತಾನೆ? ಇದು ಗೆರೆ ಎಳೆದ ಹಾಗೆ ನೆಟ್ಟಗೆ ನಡೀತಿತ್ತು. ಬಾಯಿಂದ ಜೊಲ್ಲು ಎಳೆಎಳೆಯಾಗಿ ನೇತಾಡುತ್ತಿತ್ತು. ಮಾಳ ಬೊಗಳಿದ. ನರಿ ಅವನ ಮುಖವನ್ನೂ ನೋಡಲಿಲ್ಲ. ಹಾದುಹೋಗುವಾಗ ಅವನ ಹಿಂಗಾಲಿಗೆ ಒಂದು ಸಲ ಕಚ್ಚಿ, ಅದೇ ಗೆರೆಯಲ್ಲಿ ಮುಂದೆ ಹೋಯಿತು. ಅದಕ್ಕೆ ಕೋಪವೂ ಇರಲಿಲ್ಲ, ಹಸಿವೂ ಇರಲಿಲ್ಲ.

ಪೊದೆಯಿಂದ ನೋಡುತ್ತಿದ್ದ ಮುಂಗುಸಿ ಹೊರಗೆ ಬಂದಳು. ಹೋದ ವರ್ಷ ಗ್ಯಾನಪ್ಪನಿಗೇ ಬೀದಿನಾಯಿ ಕಚ್ಚಿತ್ತು. ಅವನು ನಲ್ಲಿ ಕೆಳಗೆ ಕಾಲಿಟ್ಟು, ಸೋಪು ಸವೆಯೋವರೆಗೆ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಮಾಳಣ್ಣ, ಈಗಲೇ ಹೋಗಿ ಯಜಮಾನನ ಮುಂದೆ ಕಾಲು ಚಾಚಿ ಮಲಗು. ಅವನಿಗೆ ಕಣ್ಣಿದೆ, ನೋಡ್ತಾನೆ."

"ನೋಡಿದರೆ ಕಟ್ಟಿಹಾಕ್ತಾನೆ ಅಕ್ಕ. ಇಷ್ಟು ವರ್ಷ ಬಿಚ್ಚಿದ ಕೊರಳಲ್ಲಿ ತಿರುಗಿದೋನು ನಾನು."

"ಕಟ್ಟಿಸ್ಕೊ. ಹಗ್ಗ ನಾಳೆ ಬಿಚ್ಚಬಹುದು."

ಮಾಳ ಕೇಳಲಿಲ್ಲ. ಕೆರೆ ದಂಡೆಯ ಆಮೆ ತಾತನ ಹತ್ತಿರ ಹೋದ. ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಯಾರಿಗೆ ಏನೇ ಕಚ್ಚಲಿ, ಅವರು ಏಳು ನೀರು ಇಣುಕಬೇಕು. ಏಳರಲ್ಲೂ ತಮ್ಮ ಮುಖ ಕಂಡರೆ ವಿಷ ಇಳೀತು ಅಂತ ಲೆಕ್ಕ. ತಾನು ನೂರು ವರ್ಷದಿಂದ ನೀರು ಇಣುಕುತ್ತಿದ್ದೇನೆ, ಒಂದು ದಿನವೂ ನೆಗಡಿ ಕೂಡ ಆಗಿಲ್ಲ ಅಂತ ತಾತ ಹೇಳಿಕೊಂಡ. ತಾತನಿಗೆ ಯಾರೂ ಕಚ್ಚಿಯೇ ಇರಲಿಲ್ಲ. ಆ ಚಿಪ್ಪಿಗೆ ಯಾರು ಕಚ್ತಾರೆ ಹೇಳಿ?

ಮಾಳ ಗುಂಡಿ, ಕುಂಟೆ, ಬಾವಿ, ಕೆರೆ ಎಲ್ಲ ಸುತ್ತಿ ಬಂದ. ಏಳರಲ್ಲೂ ಅವನ ಮುಖ ಚೆನ್ನಾಗಿಯೇ ಕಂಡಿತು.

"ನರಿ ಕಚ್ಚಿದ್ದು ಕಾಲಿಗೆ," ಅಂದಳು ಮುಂಗುಸಿ. "ನೀನು ಮುಖ ನೋಡ್ಕೊಂಡು ಬಂದಿದ್ದೀಯ."

ಗಾಯ ನಾಲ್ಕೇ ದಿನಕ್ಕೆ ಒಣಗಿತು. ಗ್ಯಾನಪ್ಪ ಹತ್ತಿರ ಬಂದಾಗಲೆಲ್ಲ ಮಾಳ ಆ ಕಾಲಿನ ಮೇಲೇ ಕೂತುಬಿಡುತ್ತಿದ್ದ. ಕುರಿಗಳಿಗೆ ಸೂಜಿ ಹಾಕೋಕೆ ಪಶುವೈದ್ಯರು ಬಂದ ದಿನ ಬೆಳಗಿನಿಂದ ಸಂಜೆವರೆಗೆ ಪೊದೆಯಲ್ಲಿ ಅಡಗಿದ್ದ.

ಆ ವಿಷ ಇದೆಯಲ್ಲ, ಅದಕ್ಕೆ ಅವಸರ ಇಲ್ಲ. ಕಾಲಿನಿಂದ ತಲೆಗೆ ಅದು ದಿನಾ ಇಷ್ಟಿಷ್ಟೇ ನಡ್ಕೊಂಡು ಹೋಗುತ್ತೆ. ನೋವಿಲ್ಲ, ಸದ್ದಿಲ್ಲ. ಮಾಳ ಉಂಡ, ಮಲಗಿದ, ಕುರಿ ಕಾದ. ಅದು ಒಳಗೇ ನಡೀತಾ ಇತ್ತು.

ತಿಂಗಳು ಕಳೆದ ಮೇಲೆ ಅವನ ಬೊಗಳು ಒಡೆಯಿತು. ಬೇರೆ ಯಾರೋ ಅವನ ಗಂಟಲಲ್ಲಿ ಕೂತು ಕೂಗಿದ ಹಾಗೆ ಕೇಳುತ್ತಿತ್ತು. ಮಾರನೆಯ ದಿನ ಮಣ್ಣು ತಿಂದ, ಕಡ್ಡಿ ಕಚ್ಚಿದ. ಅವತ್ತೇ ಜಾರಿಬಿದ್ದು ತರಚಿಕೊಂಡಿದ್ದ ನಿಂಗಿಯ ಮೊಣಕಾಲನ್ನು ಅಭ್ಯಾಸಬಲದಿಂದ ನೆಕ್ಕಿದ.

ಮೂರನೆಯ ದಿನ ಮಧ್ಯಾಹ್ನ ಬಾಯಾರಿ ಕೆರೆಗೆ ಬಂದ. ನೀರಿಗೆ ಬಾಯಿ ಹಾಕಿದ ಕೂಡಲೇ ಗಂಟಲು ತಾನಾಗಿ ಗಂಟು ಹಾಕಿಕೊಂಡಿತು. ನೀರೊಳಗಿನ ಮುಖ ಅವನದೇ. ಆದರೆ ಅದರ ಬಾಯಿಂದ ಜೊಲ್ಲು ಎಳೆಎಳೆಯಾಗಿ ನೇತಾಡುತ್ತಿತ್ತು. ಮಾಳ ಹಿಂದೆ ಸರಿದ. ಒಗಟಿನ ಉತ್ತರ ಈಗ ಗೊತ್ತಾಯಿತಲ್ಲ? ಗೊತ್ತಾಗದಿದ್ದರೇ ಚೆನ್ನಾಗಿತ್ತು.

"ಮನೆಗೆ ಹೋಗಬೇಡ ಮಾಳಣ್ಣ," ಅಂದಳು ಮುಂಗುಸಿ, ದೂರದಿಂದ.

ಅವನು ಅವಳ ಮುಖ ನೋಡಲಿಲ್ಲ. ಕಾಲುಗಳು ಗೆರೆ ಎಳೆದ ಹಾಗೆ ನೆಟ್ಟಗೆ ಗುಡಿಸಲ ಕಡೆ ನಡೆದವು.

ಗುಡಿಸಲ ಮುಂದೆ ನಿಂಗಿ ನಿಂತಿದ್ದಳು. ಕೈಯಲ್ಲಿ ಬಟ್ಟಲು, ಬಟ್ಟಲ ತುಂಬ ನೀರು. ಗ್ಯಾನಪ್ಪ ಆಚೆ ಬೇಲಿಗೆ ಮುಳ್ಳು ಕಟ್ಟುತ್ತಿದ್ದ.

"ಮಾಳ, ನೀರು ತಂದಿದೀನಿ ಬಾ," ಅಂತ ನಿಂಗಿ ಬಟ್ಟಲು ಚಾಚಿದಳು.

ಮಾಳ ನಿಂತ. ತಲೆಯೊಳಗೆ ಅವನದು ಅಂತ ಉಳಿದಿದ್ದು ಉಗುರಿನಷ್ಟೇ ಜಾಗ. ಅಷ್ಟರಲ್ಲೇ ಅವನು ಪಕ್ಕಕ್ಕೆ ತಿರುಗಿ, ಖಾಲಿ ರೊಪ್ಪದೊಳಕ್ಕೆ ಹಾರಿ, ಬೇಲಿಯ ಸಂದಿಯಿಂದ ಕಚ್ಚಿಸಿಕೊಂಡ ಕಾಲನ್ನು ಹೊರಗೆ ಚಾಚಿದ. ಗ್ಯಾನಪ್ಪ ಹಲ್ಲಿನ ಗುರುತು ನೋಡಿದ, ಜೊಲ್ಲು ನೋಡಿದ, ಮುಳ್ಳಿನ ಬಾಗಿಲು ಎಳೆದು ಮುಚ್ಚಿದ. ಮಾಳ ನೆಕ್ಕಿದ್ದು ನೆನಪಾಗಿ ಮಗಳ ಮೊಣಕಾಲನ್ನು ಸೋಪು ಹಾಕಿ ತೊಳೆತೊಳೆದು ಆಸ್ಪತ್ರೆಗೆ ಹೊತ್ತೊಯ್ದ. ಒಂದು ಸೂಜಿಯನ್ನೂ ತಪ್ಪಿಸದೆ ಹಾಕಿಸಿದ. ನಿಂಗಿ ಉಳಿದಳು. ಮಾಳ ಎರಡನೆಯ ದಿನ ರೊಪ್ಪದಲ್ಲೇ ಸತ್ತ, ಯಾರನ್ನೂ ಕಚ್ಚದೆ.

ಈಗ ನಿಜ ಹೇಳಿಬಿಡ್ತೀನಿ. ಮಾಳ ನಿಂತ ಅನ್ನೋದರಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು. ಈ ಕತೆ ನನಗೆ ಹೇಳಿದ್ದು ಒಬ್ಬ ಮುದುಕ ಕುರಿಗಾಹಿ. ನಿಂಗಿ ಬಟ್ಟಲು ಚಾಚಿದಳು ಅನ್ನೋವರೆಗೆ ಹೇಳಿ ನಿಲ್ಲಿಸಿದ. ಆಮೇಲೆ ಏನಾಯ್ತು ಅಂತ ಕೇಳಿದೆ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ಅವನ ಹಿಂದೆ ಕುರಿಗಳಿದ್ದವು. ನಾಯಿ ಇರಲಿಲ್ಲ, ಮಗಳೂ ಇರಲಿಲ್ಲ. ಅದಕ್ಕೇ ನಾನು ಈ ಕೊನೆ ಕಟ್ಟಿದೆ.

ನೀತಿ: ಕಚ್ಚಿದ್ದನ್ನು ಮುಚ್ಚಿಟ್ಟವನು ತನ್ನನ್ನು ನಂಬಿದವರನ್ನೂ ಸಾವಿನ ಬಾಯಿಗೆ ದೂಡುತ್ತಾನೆ, ಆ ಕ್ಷಣವೇ ಹೇಳಿ, ಸೋಪು ಹಾಕಿ ತೊಳೆಯಿರಿ, ಅವತ್ತೇ ಸೂಜಿ ಹಾಕಿಸಿಕೊಳ್ಳಿ.