ಬೀಗರ ಬಾವಿ

ಹಿರೇಗಡದ ಕೋಟೆಯೊಳಗೆ ಒಳಪೇಟೆ ಎಂಬ ಹಳೆಯ ಕೇರಿಯೊಂದಿದೆ. ಎದುರಿನಿಂದ ಒಂದು ಎಮ್ಮೆ ಬಂದರೂ ಯಾರದಾದರೂ ಕಟ್ಟೆ ಹತ್ತಿ ನಿಲ್ಲಬೇಕಾದಷ್ಟು ಇಕ್ಕಟ್ಟಿನ ಓಣಿಗಳು. ಆದ್ದರಿಂದ ಊರು ನೋಡಲು ಬಂದವರು ಕೋಟೆಯ ಅಗಸಿಬಾಗಿಲಿನ ಹೊರಗೆ ಕಾರು ಬಿಟ್ಟು ನಡೆದೇ ಬರುತ್ತಾರೆ. ಕೆತ್ತನೆಯ ಕಂಬಗಳ ಪಡಸಾಲೆಗಳನ್ನೂ ಸುಣ್ಣ ಉದುರಿದ ಗೋಡೆಗಳನ್ನೂ ಓಣಿಗೊಂದರಂತೆ ಇರುವ ಆರು ಬಾವಿಗಳನ್ನೂ ನೋಡುತ್ತ, ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಏಳನೆಯ ಬಾವಿಯ ಮುಂದೆ ಬಂದು ನಿಲ್ಲುತ್ತಾರೆ. ಅಲ್ಲಿ ತಗಡಿನ ಫಲಕದ ಮೇಲೆ ‘ಬೀಗರ ಬಾವಿ’ ಎಂದಷ್ಟೇ ಬರೆದಿದೆ. ಹೊಸದಾಗಿ ಮದುವೆಯಾದವರು ಅದನ್ನು ಓದಿ ನಗುತ್ತಾರೆ, ಬಾವಿಕಟ್ಟೆಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಎದುರಿಗೇ ನೀಲಗಂಗವ್ವನ ಖಾನಾವಳಿ. ಈ ಹೆಸರು ಯಾಕೆ ಬಂತು ಎಂದು ಕೇಳಿದವರಿಗೆ ಆಕೆಯ ಉತ್ತರ ಒಂದೇ: “ಮೊದಲು ಉಣ್ರಿ. ಆಮ್ಯಾಲೆ ಹೇಳ್ತೀನಿ.” ಆಕೆಯ ಅತ್ತೆಯೂ ಹಾಗೆಯೇ ಹೇಳುತ್ತಿದ್ದಳಂತೆ.

ಹಿಂದೆ ಒಮ್ಮೆ, ಈ ಕೋಟೆಗೆ ಸ್ವಂತ ನಾಯಕನಿದ್ದ ಕಾಲದಲ್ಲಿ, ಒಳಪೇಟೆಯಲ್ಲಿ ಒಂದು ಪದ್ಧತಿಯಿತ್ತು ಎನ್ನುತ್ತಾರೆ. ಮನೆಗೆ ಬಂದ ಅತಿಥಿಯನ್ನು ನೇರ ಊಟಕ್ಕೆ ಕೂರಿಸುವಂತಿರಲಿಲ್ಲ. ಅವನನ್ನು ಓಣಿ ಓಣಿ ತಿರುಗಿಸಿ ಆರು ಬಾವಿಗಳ ನೀರನ್ನೂ ಬೊಗಸೆಯಲ್ಲಿ ಕುಡಿಸಬೇಕು. ಅವನು ಯಾವುದನ್ನು ಮೆಚ್ಚುತ್ತಾನೋ ಆ ಬಾವಿಯ ನೀರಿನಲ್ಲಿ ಅವನ ಅಡುಗೆ. ಹೇಳಿಕೊಳ್ಳಲು ಚಂದದ ಪದ್ಧತಿ. ಆದರೆ ಆರೂ ಬಾವಿಗಳ ನೀರು ಸವುಳು. ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಏಳನೆಯದು ಮಾತ್ರ ಸಿಹಿಬಾವಿ. ಬೇಸಿಗೆಯಲ್ಲಿ ಉಳಿದವೆಲ್ಲ ಬತ್ತಿ ಕೆಸರಾದಾಗಲೂ ಅದರಲ್ಲಿ ನೀರಿರುತ್ತಿತ್ತು. ಅದಕ್ಕೆ ನೀರು ಎಲ್ಲಿಂದ ಬರುತ್ತದೆಂಬುದು ಪೇಟೆಯ ಗುಟ್ಟು. ಹೊರಗಿನವರಿಗೆ ಆ ಬಾವಿಯನ್ನು ತೋರಿಸಕೂಡದೆಂದು ಪೇಟೆಯ ಪ್ರತಿಯೊಂದು ಮನೆಯೂ ಆಣೆ ಮಾಡಿತ್ತು. ಪೇಟೆಯಲ್ಲಿ ಹುಟ್ಟಿದವರಿಗೆ, ಪೇಟೆಯ ನಂಟರಾದವರಿಗೆ ಮಾತ್ರ ಆ ನೀರು.

ಸಿಹಿಬಾವಿಯ ಪಕ್ಕದ ಮನೆ ಅಡಿವೆಪ್ಪ ಶೆಟ್ಟಿಯದು. ಹೆಂಡತಿ ತೀರಿಹೋಗಿದ್ದಳು. ಇದ್ದವಳು ಒಬ್ಬಳೇ ಮಗಳು, ಹಂಪವ್ವ. ಓರಗೆಯವರು ಮಕ್ಕಳನ್ನು ಕಂಕುಳಲ್ಲಿ ಹೊತ್ತು ತಿರುಗುತ್ತಿದ್ದರೂ ಇವಳಿಗೆ ಕಂಕಣಬಲ ಕೂಡಿಬಂದಿರಲಿಲ್ಲ. ಹೆಣ್ಣು ನೋಡಲು ಎರಡು ಕಡೆಯವರು ಬಂದಿದ್ದರು. ಎರಡು ಸಲವೂ ಸವುಳು ನೀರಿನ ಊಟವೇ ಆಯಿತು. ಮೊದಲನೆಯವರು ಸುಮ್ಮನೆ ಎದ್ದು ಹೋದರು. ಎರಡನೆಯವರು, ಬೇಳೆ ಬೇಯಿಸಲು ಬಾರದ ಹುಡುಗಿ ಸಂಸಾರ ಏನು ಮಾಡಿಯಾಳು ಎಂದು ಅಗಸಿಯ ಬಳಿ ನಿಂತು ನಾಲ್ಕು ಜನ ಕೇಳುವಂತೆ ಆಡಿಕೊಂಡರು. ನಿಜವನ್ನು ಹೇಳುವಂತಿಲ್ಲ, ಆಣೆಯಿದೆ. ಅಡಿವೆಪ್ಪ ಆ ಮಾತನ್ನು ನುಂಗಿಕೊಂಡ. ಆದರೆ ಅದು ಅವನ ಹೊಟ್ಟೆಯೊಳಗೆ ಇಳಿಯಲೇ ಇಲ್ಲ.

ಆ ವರ್ಷ ಮಾಘಮಾಸದಲ್ಲಿ ಮೂರನೆಯವನು ಬಂದ. ಈರಣಶೆಟ್ಟಿ ಎಂದು ಹೆಸರು ಹೇಳಿದ, ಅರಿವೆಯ ವ್ಯಾಪಾರ ಎಂದ, ವಯಸ್ಸಿಗೆ ಬಂದ ಮಗನಿದ್ದಾನೆ ಎಂದ. ಗಂಭೀರ ಮನುಷ್ಯ, ಮಾತು ಕಡಿಮೆ. ಅಡಿವೆಪ್ಪನಿಗೆ ನೋಡುತ್ತಲೇ ಹಿಡಿಸಿಬಿಟ್ಟ. ಕಾಲಿಗೆ ನೀರು ಹಾಕಿದ ಹಂಪವ್ವ ಒಳಗೆ ಬಂದವಳೇ ತಂದೆಯ ತೋಳು ಹಿಡಿದಳು.

“ಅಪ್ಪಾ, ಇವರು ಅರಿವಿ ಮಾರೋರಲ್ಲ. ಎರಡೂ ಕಣಕಾಲಿಗೆ ಕುದುರಿ ರಿಕಾಪು ತಿಕ್ಕಿದ ಕಲಿ ಐತಿ. ಹೇರಿನ ಎತ್ತಿನ ಹಿಂದ ನಡಿಯೋರ ಕಾಲು ಹಂಗ ಇರಂಗಿಲ್ಲ. ಇವರು ಕುದುರಿ ಮ್ಯಾಲಿನ ಮಂದಿ.”

“ಕುದುರಿ ಇಟ್ಟಾರ ಅಂದ್ರ ಇದ್ದವರು ಅಂತ ಆತು,” ಎಂದ ಅಡಿವೆಪ್ಪ. “ಬಂದವರಿಗೆಲ್ಲಾ ಒಂದೊಂದು ಹುಳುಕು ಹುಡುಕಬ್ಯಾಡವ್ವಾ.” ಹೀಗೆಂದು ಅವಳ ಕೈ ಬಿಡಿಸಿಕೊಂಡು ಹೊರಗೆ ನಡೆದ. ಆ ಹುಡುಗಿ ಯಾರಲ್ಲೂ ಎಂದೂ ಹುಳುಕು ಹುಡುಕಿದವಳಲ್ಲ. ಅದು ಅವನಿಗೂ ಗೊತ್ತಿತ್ತು.

ಇಬ್ಬರೂ ಪೇಟೆಯೆಲ್ಲ ಸುತ್ತಿದರು. ಈರಣಶೆಟ್ಟಿ ಪ್ರತಿ ಬಾವಿಯಲ್ಲೂ ಒಂದು ಗುಟುಕು ಕುಡಿದು ಮುಂದಿನದಕ್ಕೆ ಹೆಜ್ಜೆ ಹಾಕುತ್ತಿದ್ದ. ಆರನೆಯ ಬಾವಿಯ ಹತ್ತಿರ ಅವನು ಮುಖ ಕಿವುಚಿದ್ದನ್ನು ಅಡಿವೆಪ್ಪ ನೋಡಿದ. ಇವನೂ ಎದ್ದು ಹೋಗುತ್ತಾನೆ, ಇನ್ನು ನಾಲ್ಕನೆಯವನು ಬರುವುದಿಲ್ಲ. ಇಷ್ಟಕ್ಕೂ ಬೀಗ ಹೊರಗಿನವನು ಹೇಗಾಗುತ್ತಾನೆ? ಇವತ್ತಲ್ಲದಿದ್ದರೆ ನಾಳೆ ವೀಳ್ಯ ಬದಲಾಯಿಸಿಕೊಳ್ಳುವುದೇ ಅಲ್ಲವೇ? ಒಂದು ದಿನ ಮುಂಚೆ ನೀರು ಕುಡಿದರೆ ಆಣೆ ಮುರಿದಂತಾಗುತ್ತದೆಯೇ? ಹೀಗೆ ತನ್ನನ್ನು ತಾನೇ ಒಪ್ಪಿಸಿಕೊಂಡು ಅಡಿವೆಪ್ಪ ಅವನನ್ನು ಸಿಹಿಬಾವಿಗೆ ಕರೆದೊಯ್ದ. ಈರಣಶೆಟ್ಟಿ ಬೊಗಸೆ ತುಂಬ ಕುಡಿದ, ಮತ್ತೆ ಕೇಳಿ ಕುಡಿದ. ಸೇದಿದ ಕೊಡದಲ್ಲಿ ಹಳದಿ ಎಸಳೊಂದು ತೇಲುತ್ತಿತ್ತು. ಅದನ್ನು ಎತ್ತಿ ಮೂಸಿ ನೋಡಿದ.

“ನಿಮ್ಮ ನೀರಿಗೆ ಕೇದಿಗಿ ವಾಸನಿ ಐತಲ್ರಿ, ಶೆಟ್ಟರ,” ಎಂದು ನಕ್ಕು ಎಸಳನ್ನು ರುಮಾಲಿಗೆ ಸಿಕ್ಕಿಸಿಕೊಂಡ.

ಕೋಟೆಯೊಳಗೆ ಒಂದಾದರೂ ಕೇದಿಗೆಯ ಪೊದೆಯಿರಲಿಲ್ಲ. ಇದ್ದದ್ದು ಹೊರಗೆ, ಪಡುವಣ ಕೆರೆಯ ದಂಡೆಯ ಮೇಲೆ ಮಾತ್ರ. ಅಡಿವೆಪ್ಪ ಅದನ್ನು ಯೋಚಿಸಲಿಲ್ಲ. ಬೀಗರು ನಕ್ಕರೆಂಬುದಷ್ಟೇ ಅವನ ತಲೆಯಲ್ಲಿತ್ತು.

ಅಂದು ಹಂಪವ್ವನ ಕೈಯಡುಗೆ ಅಮೃತವಾಗಿತ್ತು ಎನ್ನುತ್ತಾರೆ. ಎಳೆಬದನೆಯ ಎಣ್ಣೆಗಾಯಿ, ಬಿಸಿ ಜೋಳದ ರೊಟ್ಟಿ, ಬೆಣ್ಣೆಯಂತೆ ಕರಗಿದ ತೊಗರಿಬೇಳೆ, ಮೇಲೆ ತುಪ್ಪ. ಈರಣಶೆಟ್ಟಿ ಬೇಳೆಯನ್ನು ಮೂರು ಸಲ ಹಾಕಿಸಿಕೊಂಡು ಉಂಡ. ಕೈ ತೊಳೆದು, “ಈ ಮನಿ ಹೆಣ್ಣು ನಮ್ಮ ಮನಿಗೆ. ಮಾತು ಕೊಟ್ಟೀನಿ,” ಎಂದು ಹೇಳಿ ಹೊರಟ. ಅಡಿವೆಪ್ಪ ಅವನನ್ನು ಅಗಸಿಯವರೆಗೂ ಬಿಟ್ಟುಬಂದ. ಹಿಂದೆ ಆ ಎರಡನೆಯವರು ಮಗಳನ್ನು ಆಡಿಕೊಂಡಿದ್ದ ಜಾಗದಲ್ಲೇ ನಿಂತು, ಕಂಡವರಿಗೆಲ್ಲ ಅವಳ ಮದುವೆ ಗೊತ್ತಾದ ಸುದ್ದಿ ಹೇಳಿದ.

ಚೈತ್ರದಲ್ಲಿ ವೈರಿಯ ದಂಡು ಬಂದು ಕೋಟೆಯನ್ನು ಮುತ್ತಿತು. ಆರು ಬಾವಿಗಳೂ ಆಗಲೇ ಕೆಸರಾಗಿದ್ದವು, ಆದರೂ ಪೇಟೆಯವರು ಹೆದರಲಿಲ್ಲ. ವಿಚಿತ್ರವೆಂದರೆ, ದಂಡಿನವರು ಗೋಡೆಯ ತಂಟೆಗೇ ಬರಲಿಲ್ಲ. ನೇರ ಪಡುವಣ ಕೆರೆಗೆ ಹೋಗಿ, ಕೇದಿಗೆಯ ಮೆಳೆ ಕಡಿದು, ಅದರ ಬುಡದಲ್ಲಿದ್ದ, ಸಿಹಿಬಾವಿಗೆ ನೀರು ಒಯ್ಯುವ ನೆಲದಡಿಯ ಕಾಲುವೆಯ ಬಾಯಿಗೆ ಕಲ್ಲು ಗಾರೆ ತುಂಬಿದರು. ಸಿಹಿಬಾವಿಯ ನೀರು ದಿನಕ್ಕೊಂದು ಮೆಟ್ಟಿಲಿನಂತೆ ಕೆಳಗಿಳಿಯಿತು. ಬುರುಜಿನ ಮೇಲಿನಿಂದ ಮೆಳೆ ಕಡಿಯುವುದನ್ನು ನೋಡಿದ ಅಡಿವೆಪ್ಪನಿಗೆ ಈರಣಶೆಟ್ಟಿಯ ರುಮಾಲಿನಲ್ಲಿದ್ದ ಎಸಳು ನೆನಪಾಯಿತು. ಗುಟ್ಟು ಬಿಟ್ಟವರು ಯಾರೆಂದು ಪೇಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡಿವೆಪ್ಪ ಬಾಯಿ ಬಿಡಲಿಲ್ಲ. ಹಂಪವ್ವನೂ ಬಿಡಲಿಲ್ಲ. ತಂದೆಯನ್ನು ಒಂದು ಮಾತೂ ಅನ್ನಲಿಲ್ಲ. ಒಂದು ಸಲ ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಬಾವಿಯ ತಳ ಕಂಡು, ತಲೆಗೊಂದು ಚಂಬು ನೀರು ಎಂದು ಹಂಚಲು ತೊಡಗಿದ ದಿನದಿಂದ ಅವಳು ತನ್ನ ಚಂಬನ್ನು ಬಾಣಂತಿಯರ ಮನೆಗೆ ಸುರಿದು ಬರುತ್ತಿದ್ದಳು.

“ನೀನೂ ಒಂದು ಗುಟುಕು ಕುಡಿಯವ್ವಾ,” ಎಂದು ಅಡಿವೆಪ್ಪ ತನ್ನ ಚಂಬನ್ನು ಅವಳ ಬಾಯಿಗೆ ಹಿಡಿದ.

“ನಮ್ಮ ಮನಿಯವರು ಕುಡಿಯೋ ನೀರಲ್ಲಪ್ಪಾ ಅದು,” ಎಂದಳು. ತಿಳಿದದ್ದನ್ನು ಅವಳು ಹೇಳಿದ್ದು ಅದೊಂದೇ ಸಲ. ಅವನೂ ಆ ಚಂಬನ್ನು ಕೆಳಗಿಟ್ಟ. ಆದರೆ ಮರುದಿನ ತಡೆಯಲಾರದೆ ಕುಡಿದ. ಅವಳು ಕುಡಿಯಲಿಲ್ಲ. ಮುತ್ತಿಗೆಯ ಹದಿನೆಂಟನೆಯ ದಿನ ಸತ್ತಳು. ಹೆಣಕ್ಕೆ ಸ್ನಾನ ಮಾಡಿಸಲು ಪೇಟೆಯಲ್ಲಿ ನೀರಿರಲಿಲ್ಲ, ವಿಭೂತಿ ಹಚ್ಚಿ ಮಣ್ಣು ಮಾಡಿದರು.

ನಾಲ್ಕು ದಿನ ಕಳೆದು ಅಗಸಿ ತೆರೆಯಿತು. ಗೆದ್ದವರು ಕಾಲುವೆಯ ಕಲ್ಲು ಕಿತ್ತರು, ಸಿಹಿಬಾವಿಗೆ ನೀರು ಬಂತು. ಬದುಕುಳಿದ ಮಂದಿಯೆಲ್ಲ ಕೊಡ ಹಿಡಿದು ಬಾವಿಯ ಸುತ್ತ ಮುಗಿಬಿದ್ದಿದ್ದಾಗ ಕುದುರೆಯೊಂದು ಬಂದು ನಿಂತಿತು. ಇಳಿದವನು ಈರಣಶೆಟ್ಟಿ. ಅವನ ಹಿಂದೆ ಹಸಿರು ಸೀರೆ, ಬಳೆ, ಎಲೆ ಅಡಿಕೆಯ ತಟ್ಟೆ ಹಿಡಿದ ಇಬ್ಬರು. ದಂಡಿನ ಬೇಹಿನವನು ಅವನು. ಆದರೆ ಮಗನೂ ನಿಜ, ಕೊಟ್ಟ ಮಾತೂ ನಿಜ.

“ಬೀಗರ, ನಾ ಉಂಡ ಮನಿ ಮರಿಯೋನಲ್ಲ. ನಿಮ್ಮ ಮನಿಗೆ ಯಾರೂ ಕೈ ಹಚ್ಚಂಗಿಲ್ಲ. ಹುಡುಗಿನ್ನ ಕರೀರಿ,” ಎಂದ, ಎಲ್ಲರೂ ಕೇಳುವಂತೆ.

ಪೇಟೆಯೆಲ್ಲ ತಿರುಗಿ ಅಡಿವೆಪ್ಪನನ್ನು ನೋಡಿತು. ಯಾರೂ ಕಲ್ಲೆತ್ತಲಿಲ್ಲ, ಬೈಯಲೂ ಇಲ್ಲ. ಅಷ್ಟು ತ್ರಾಣ ಯಾರಲ್ಲೂ ಉಳಿದಿರಲಿಲ್ಲ. “ಮಣ್ಣಾಗ ಅದಾಳ್ರಿ,” ಎಂದ ಅಡಿವೆಪ್ಪ. ಈರಣಶೆಟ್ಟಿ ತಟ್ಟೆಯನ್ನು ಬಾವಿಕಟ್ಟೆಯ ಮೇಲೆ ಇಟ್ಟು ಹೊರಟುಹೋದ. ಆ ಸೀರೆಯನ್ನು ಯಾರೂ ಮುಟ್ಟಲಿಲ್ಲ. ಬಿಸಿಲಿಗೆ ಅಲ್ಲೇ ಬಣ್ಣ ಬಿಟ್ಟು ಹರಿದುಹೋಯಿತು.

ಮುಂದೆ ವರ್ಷಗಳು ಕಳೆದ ಮೇಲೆ, ಅವಳ ನೀರಿನಿಂದ ಬದುಕಿದ ಬಾಣಂತಿಯರು ಬಾವಿಗೆ ಹಂಪವ್ವನ ಹೆಸರಿಡಬೇಕೆಂದು ಬಂದರು. ಅಡಿವೆಪ್ಪ ಅವರಿಗೆ ಅಡ್ಡಬಿದ್ದ. “ಆಕಿ ಹೆಸರು ಬ್ಯಾಡ್ರವ್ವಾ. ಆ ಹೆಸರಿಟ್ರ ಮಂದಿ ಕೈ ಮುಗಿದು ಹೋಗ್ತಾರ, ನಾ ಮಾಡಿದ್ದು ಮುಚ್ಚಿಹೋಗತೈತಿ. ಬೀಗರ ಬಾವಿ ಅನ್ರಿ.” ಅವನು ಸಾಯುವವರೆಗೂ ಕಟ್ಟೆಯ ಮೇಲೆ ಕುಳಿತು, ಬಂದ ಅತಿಥಿಗಳಿಗೆಲ್ಲ ತಾನೇ ಕಥೆ ಹೇಳಿದನಂತೆ. ಕೇಳಿದವರು ಅವನ ಎದುರಿಗೆ ಊಟ ಮಾಡಲಾರದೆ ಎದ್ದು ಹೋಗುತ್ತಿದ್ದರಂತೆ.

ಪಡುವಣ ಕೆರೆಯಲ್ಲಿ ಈಗ ಮನೆಗಳೆದ್ದಿವೆ, ಬಾವಿಯಲ್ಲಿ ಪ್ಲಾಸ್ಟಿಕ್ ಬಾಟಲಿಗಳಿವೆ. ಒಳಪೇಟೆಯ ಹೆಣ್ಣುಮಕ್ಕಳ ನಿಶ್ಚಯ ಇಂದಿಗೂ ಅಗಸಿಯ ಹೊರಗೇ ನಡೆಯುತ್ತದೆ. ಹಂಪವ್ವನನ್ನು ಮಣ್ಣು ಮಾಡಿದ ಜಾಗ ಯಾವುದೆಂದು ಯಾರಿಗೂ ಗೊತ್ತಿಲ್ಲ. ನೀಲಗಂಗವ್ವ ನಳದ ನೀರಿನಲ್ಲಿ ಬೇಳೆ ಬೇಯಿಸುತ್ತಾಳೆ, ಫೋಟೊ ತೆಗೆಸಿಕೊಂಡು ಬಂದವರಿಗೆ ರೊಟ್ಟಿ ಬಡಿಸುತ್ತಾಳೆ. ಅವರು ಉಂಡು, ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಎದುರಿಗೆ ಕುಳಿತು ಕಥೆ ಶುರು ಮಾಡುತ್ತಾಳೆ. ಹೊರಟು ನಿಂತಾಗ ಅವರಲ್ಲಿ ಯಾರಾದರೊಬ್ಬರು ಫೋನು ತೆಗೆದು, ಆ ಫೋಟೊವನ್ನು ಒಮ್ಮೆ ನೋಡಿ, ಅಳಿಸಿಬಿಡುತ್ತಾರೆ.