ಕೈಕಲ್ಲವ್ವನ ಮಹಿಮೆ

ಇದು ಕೃತಯುಗದ ಮಾತಲ್ಲ, ತ್ರೇತಾಯುಗದ್ದೂ ಅಲ್ಲ. ಕಂಪನಿ ಸರಕಾರದ ಕಾಲದಲ್ಲಿ, ಈ ಕರೇಗುಡ್ಡದ ಬುಡದಲ್ಲಿ ಹುಲುಗಪ್ಪನೆಂಬ ಕಲ್ಲುಕುಟಿಗನಿದ್ದ. ಊರವ್ವನ ಹೊಸ ಮೂರ್ತಿಗೆ ಕಲ್ಲು ಆರಿಸುವ ಮನ್ನಣೆ ಅವನಿಗೆ ದೊರೆತಿತ್ತು. ಪೂಜಾರಿ ಮೈದುಂಬಿ ದೇವಿಯ ಅಪ್ಪಣೆ ನುಡಿದಿದ್ದ: "ಕೂದಲೆಳೆಯಷ್ಟು ಬಿರುಕಿದ್ದರೂ ಒಲ್ಲೆ." ಭಿನ್ನವಾದ ಶಿಲೆಗೆ ಪೂಜೆಯಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ.

ಹುಲುಗಪ್ಪ ಗುಡ್ಡವೆಲ್ಲ ತಟ್ಟಿಕೊಂಡು ಹೋಗಿ, ಗಂಟೆಯಂತೆ ನಾದ ಕೊಟ್ಟ ಒಂದು ಬಂಡೆಯನ್ನು ಹಿಡಿದ. ಇಳಿಸುವಾಗ ಹಗ್ಗ ಹರಿಯಿತು. ಬಂಡೆ ಉರುಳಿ ಅವನ ಬಲಗೈಯ ಮೇಲೆ ಕೂತಿತು. ಮೀಟಿದರೆ ಎದೆಯ ಮೇಲೇ ಉರುಳುವಂತಿತ್ತು. ಬಂಡೆ ಸೀಳಬೇಕು, ಇಲ್ಲವೇ ಕೈ ಕಡಿಯಬೇಕು.

"ಒಡೀರೋ," ಎಂದಳು ಹೆಂಡತಿ ಯಂಕವ್ವ. "ಗುಡ್ಡದ ತುಂಬ ಕಲ್ಲದಾವು. ಇವಂಗ ಬಲಗೈ ಒಂದ ಐತಿ."

"ಹೆಂಗಸಿನ ಮಾತು ಕೇಳಿ ದೇವೀನ ಒಡೀಬೇಕೇನು?" ಎಂದ ಪೂಜಾರಿ.

ಎಲ್ಲರೂ ಹುಲುಗಪ್ಪನನ್ನು ನೋಡಿದರು. ಅವನು ಕಲ್ಲನ್ನು ನೋಡಿದ. ಜೀವಮಾನದಲ್ಲಿ ಅಂಥದ್ದು ಸಿಕ್ಕಿರಲಿಲ್ಲ.

"ಕಡೀರಿ," ಎಂದ.

ಕಡಿದರು. ಕಡಿದ ಕೈ ಬಂಡೆಯ ಅಡಿಯಲ್ಲೇ ಉಳಿಯಿತು. ಮರುದಿನ ಪೂಜಾರಿ ಬಂದು, ರಕ್ತ ಬಿದ್ದು ಕಲ್ಲು ಮೈಲಿಗೆಯಾಯಿತು, ಮೂರ್ತಿಗೆ ಬಾರದು ಎಂದ. ಮೂರ್ತಿ ಬೇರೆ ಊರಿಂದ ಬಂತು.

ಗಾಯಕ್ಕೆ ಮದ್ದು ಕಟ್ಟಲು ಜರ್ಮನಿಯ ಗೋಟ್ಲೀಬ್ ಪಾದ್ರಿ ಬರುತ್ತಿದ್ದ. ಕಲ್ಲನ್ನೇಕೆ ಒಡೆಯಲಿಲ್ಲವೆಂದು ಕೇಳಿದ.

"ಒಡದದ್ದು ಪವಿತ್ರ ಅಲ್ರಿ ಸಾಹೇಬ್ರ."

ಪಾದ್ರಿ ಪಟ್ಟಿ ಸುತ್ತುತ್ತ ಹೇಳಿದ: "ಪವಿತ್ರಕ್ಕೆ ನಾವು ಹೈಲಿಗ್ ಎನ್ನುತ್ತೇವೆ. ಹೈಲ್ ಎಂಬುದರಿಂದ ಬಂದ ಮಾತು. ಹೈಲ್ ಎಂದರೆ ಇಡಿಯಾದದ್ದು, ಊನವಿಲ್ಲದ್ದು. ಮಾಯ್ದ ಗಾಯಕ್ಕೂ ಹಾಗೇ ಹೇಳುತ್ತೇವೆ."

"ಹಂಗಾರ ನಿಮ್ಮೂರಾಗೂ ಕಲ್ಲ ಗೆಲ್ತು," ಎಂದ ಹುಲುಗಪ್ಪ.

"ನಿನ್ನ ಗಾಯ ಮಾಯಲಿ, ಆಮೇಲೆ ಮಾತಾಡೋಣ."

ಗಾಯ ಮಾಯಲಿಲ್ಲ. ಉಳಿದ ತೋಳು ಕೊಳೆತು ವಿಷ ಮೈಗೇರಿತು; ಬದುಕುವ ಆಸೆ ಉಳಿಯಲಿಲ್ಲ. ಊನವಾದ ಹೆಣವನ್ನು ಮಣ್ಣಿಗಿಡಬಾರದು, ಈಗಲಾದರೂ ಬಂಡೆ ಒಡೆದು ಕೈ ತೆಗೆಸುತ್ತೇನೆ ಎಂದು ಯಂಕವ್ವ ಹಟ ಹಿಡಿದಳು.

"ಬ್ಯಾಡ," ಎಂದ ಹುಲುಗಪ್ಪ. "ಅದಕ್ಕ ನನ್ನ ಕೈ ಕೊಟ್ಟೀನಿ. ಅದಾರ ಇಡಿಯಾಗಿ ಉಳೀಲಿ."

ಅವನು ಸತ್ತಾಗ ಯಂಕವ್ವ ಸ್ಮಶಾನಕ್ಕೆ ಒಯ್ಯಗೊಡಲಿಲ್ಲ. ಬಂಡೆಯ ಮಗ್ಗುಲಲ್ಲೇ, ತುಂಡಾದ ತೋಳು ಬಂಡೆಯ ಬುಡಕ್ಕೆ ತಾಗುವಂತೆ ಮಣ್ಣು ಮಾಡಿಸಿದಳು. ಅವನನ್ನು ಇಡಿಯಾಗಿಸಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ. ಆ ಜಾಗ ಪವಿತ್ರವಾದದ್ದು ಅಂದಿನಿಂದ.

ಈಗ ಆ ಬಂಡೆಯೇ ಕೈಕಲ್ಲವ್ವ; ಕೈಕಾಲು ಮುರಿದವರು ಇಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ಪೂಜೆ ಅದೇ ಪೂಜಾರಿಯ ವಂಶದವರದು. ದೇವಿ ತಾನಾಗಿ ಕೈ ಬೇಡಿದಳೆಂದು ಅವರು ಹೇಳುತ್ತಾರೆ. ಕಲ್ಲು ಒಡೆಯಿರೆಂದು ಯಂಕವ್ವ ಬೇಡಿದ್ದನ್ನು ಹೇಳುವುದಿಲ್ಲ. ಬಂದವರು ಎಡಗೈಯಲ್ಲಿ ಬಂಡೆಯನ್ನು ತಟ್ಟಬೇಕೆಂಬ ನಿಯಮವಿದೆ. ತಟ್ಟಿ ನೋಡಿ. ಇಂದಿಗೂ ಬಿರುಕಿಲ್ಲ.